ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡ್ತೀರಿ ಅಂತ ಕೇಳಿದರೆ ಸಾಕಾ? ಪ್ರಾಜೆಕ್ಟಿಗೆ ಸಲಹೆ ಬೇಕು

ಓದುಗುಬ್ಬಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮನೋವಿಜ್ಞಾನದಲ್ಲಿ ಎಂಎ ಕೊನೆಯ ವರ್ಷ ಓದುತ್ತಿದ್ದೇನೆ. ಸೋಷಿಯಲ್ ಮೀಡಿಯಾ ಬಳಕೆಗೂ ಕಾಲೇಜು ವಿದ್ಯಾರ್ಥಿಗಳ ಮನಸ್ಸಿನ ನೆಮ್ಮದಿಗೂ ಏನು ಸಂಬಂಧ ಅನ್ನೋದು ನನ್ನ ಪ್ರಾಜೆಕ್ಟ್. ಗೈಡ್ ಒಪ್ಪಿದ್ದಾರೆ. ಪ್ರಶ್ನಾವಳಿಯೂ ರೆಡಿ ಇದೆ.

ಮೊದಲ ಪ್ರಶ್ನೆಯೇ ಹೀಗಿದೆ: "ನೀವು ದಿನಕ್ಕೆ ಸರಾಸರಿ ಎಷ್ಟು ಗಂಟೆ ಸೋಷಿಯಲ್ ಮೀಡಿಯಾ ಬಳಸುತ್ತೀರಿ?" ಉತ್ತರಕ್ಕೆ ನಾಲ್ಕು ಆಯ್ಕೆ: ಒಂದಕ್ಕಿಂತ ಕಡಿಮೆ, 1ರಿಂದ 3, 3ರಿಂದ 5, ಐದಕ್ಕಿಂತ ಜಾಸ್ತಿ. ಆಮೇಲೆ ನೆಮ್ಮದಿ ಅಳೆಯುವ ಒಂದು ಸ್ಕೇಲ್. ಕೊನೆಗೆ ಎರಡರ ನಡುವೆ ಕೋರಿಲೇಶನ್, ಅಂದರೆ ಒಂದು ಏರಿದ ಹಾಗೆ ಇನ್ನೊಂದು ಎಷ್ಟರಮಟ್ಟಿಗೆ ಏರುತ್ತೆ ಅಥವಾ ಇಳಿಯುತ್ತೆ ಅನ್ನೋ ಲೆಕ್ಕ. ಇಷ್ಟೇ.

ಮೊನ್ನೆ ಕ್ಲಾಸಿನ ಗೆಳತಿಯರಿಗೆ ಕೊಟ್ಟು ನೋಡಿದೆ. ಒಬ್ಬಳು "1ರಿಂದ 3" ಅಂತ ಟಿಕ್ ಹಾಕಿದಳು. ಸುಮ್ನೆ ಕುತೂಹಲಕ್ಕೆ ಅವಳ ಫೋನಿನ ಸ್ಕ್ರೀನ್ ಟೈಮ್ ತೆಗೆದು ನೋಡಿದೆವು. ಬರೀ ವಿಡಿಯೋ ಆ್ಯಪ್ ಒಂದೇ ನಾಲ್ಕು ಗಂಟೆ ದಾಟಿತ್ತು. ಇನ್ನೊಬ್ಬಳದ್ದು ಪೂರ್ತಿ ಉಲ್ಟಾ. "ಅಯ್ಯೋ, ನಾನು ಇಡೀ ದಿನ ಅದರಲ್ಲೇ ಬಿದ್ದಿರ್ತೀನಿ" ಅಂತ ಕೊನೆಯ ಆಯ್ಕೆಗೆ ಟಿಕ್ ಹಾಕಿದವಳ ಫೋನ್ ಎರಡು ಗಂಟೆಯೂ ತೋರಿಸಲಿಲ್ಲ.

ಗೈಡ್ ಹತ್ತಿರ ಹೇಳಿದರೆ "ಎಲ್ಲರೂ ಹೀಗೇ ಮಾಡೋದು, ಮುಂದುವರಿಸಿ" ಅಂದರು. ನನಗೆ ಸಮಾಧಾನ ಇಲ್ಲ. ಬಾಯಿಮಾತಿನ ಈ ಲೆಕ್ಕ ನಂಬಬಹುದಾ? ಸಂಬಂಧ ಸಿಕ್ಕರೆ "ಸೋಷಿಯಲ್ ಮೀಡಿಯಾದಿಂದ ನೆಮ್ಮದಿ ಕಡಿಮೆಯಾಗುತ್ತದೆ" ಅಂತ ಬರೆಯಬಹುದಾ? ಲ್ಯಾಬ್ ಇಲ್ಲ, ದುಡ್ಡಿಲ್ಲ, ಸೆಮಿಸ್ಟರ್ ಮುಗಿಯೋಕೆ ಜಾಸ್ತಿ ದಿನವೂ ಇಲ್ಲ.

ಚಹಾವಿರಾಮ

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಎಲ್ಲರಿಂದ ಸ್ಕ್ರೀನ್ ಟೈಮ್ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಗಂಟೆ ಅಲ್ಲೇ ಇರುತ್ತೆ. ಮುಗೀತು.

ಲ್ಯಾಬ್‌ಬೆಂಚು

ಮುಗಿಯಲ್ಲ ಸ್ವಾಮಿ. ಸ್ಕ್ರೀನ್‌ಶಾಟ್ ವಿಷಯಕ್ಕೆ ಆಮೇಲೆ ಬರ್ತೀನಿ.

ಓದುಗುಬ್ಬಿ ಅವರೇ, ಮಾಧ್ಯಮ ಬಳಕೆಯ ಅಧ್ಯಯನಗಳಿಗೆ ಮಾಹಿತಿ ಸಂಗ್ರಹಿಸುವ ಕೆಲಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಎದುರಿಗೆ ಕೂತು ಇದೇ ಪ್ರಶ್ನೆ ಕೇಳಿದ್ದೇನೆ. ಆಗ ಏನಾಗುತ್ತೆ ಗೊತ್ತಾ? ಕೇಳಿದ ತಕ್ಷಣ ಎದುರಿನವರು ಒಂದು ಕ್ಷಣ ಮೇಲೆ ನೋಡ್ತಾರೆ. ನಿನ್ನೆ ರಾತ್ರಿ ಮಂಚದ ಮೇಲೆ ಮಲಗಿ ನೋಡಿದ್ದು ನೆನಪಿಗೆ ಬರುತ್ತೆ. "ಒಂದ್ ಎರಡು ಗಂಟೆ" ಅಂತಾರೆ. ಒಂದು ಗಂಟೆ ನಲವತ್ತು ನಿಮಿಷ ಅಂತ ಯಾರೂ ಹೇಳಲ್ಲ. ಲಿಫ್ಟಿಗೆ ಕಾಯುವಾಗ ನೋಡಿದ್ದು, ಪಾಠದ ನಡುವೆ ಮೇಜಿನ ಕೆಳಗೆ ನೋಡಿದ್ದು, ಬಾತ್‌ರೂಮಿನಲ್ಲಿ ನೋಡಿದ್ದು ಯಾವುದೂ ಲೆಕ್ಕಕ್ಕೆ ಬರಲ್ಲ. ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಚೂರು ಚೂರಾಗಿ ಕಳೆದ ಹೊತ್ತು ನೆನಪಿನಲ್ಲಿ ನಿಲ್ಲೋದೇ ಇಲ್ಲ.

ನಿಮ್ಮ ಗೆಳತಿಯರ ಕಥೆ ಅಪರೂಪವೇನಲ್ಲ. ಡಗ್ಲಸ್ ಪ್ಯಾರಿ ಮತ್ತು ಜೊತೆಗಾರರು 2021ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಜನ ಹೇಳಿದ ಬಳಕೆಗೂ ಸಾಧನದಲ್ಲಿ ದಾಖಲಾದ ಬಳಕೆಗೂ ನಡುವಿನ ಕೋರಿಲೇಶನ್ 0.38 (ಪೂರ್ತಿ ಹೊಂದಿದರೆ 1 ಬರುತ್ತೆ). ಒಂದೇ ವಸ್ತುವಿನ ಎರಡು ಅಳತೆ ಅಂದುಕೊಂಡಿರೋವುಗಳಿಗೆ ಇದು ತೀರಾ ಕಡಿಮೆ.

ಎಲ್ಲರೂ ಒಂದೇ ರೀತಿ ತಪ್ಪು ಹೇಳಿದರೆ ಅಷ್ಟು ಚಿಂತೆ ಇರಲಿಲ್ಲ. ತಕ್ಕಡಿ ಯಾವಾಗಲೂ ನೂರು ಗ್ರಾಂ ಜಾಸ್ತಿ ತೋರಿಸಿದರೆ ಕಳೆದು ನೋಡಬಹುದು. ಇಲ್ಲಿ ಹಾಗಲ್ಲ. ನಿಮ್ಮ ಎರಡನೇ ಗೆಳತಿಯನ್ನೇ ನೋಡಿ. ತನ್ನ ಬಗ್ಗೆ ಆಕೆಗೇ ಬೇಜಾರಿದೆ, "ಬಿದ್ದಿರ್ತೀನಿ" ಅನ್ನೋ ಮಾತಲ್ಲೇ ಗೊತ್ತಾಗುತ್ತೆ. ಅಂಥವರು ಗಂಟೆಯನ್ನೂ ಜಾಸ್ತಿ ಹೇಳಬಹುದು, ನೆಮ್ಮದಿ ಸ್ಕೇಲಿನಲ್ಲೂ ಕಡಿಮೆ ಅಂಕ ಕೊಡಬಹುದು. ಕೋರಿಲೇಶನ್ ಚೆನ್ನಾಗಿ ಬರುತ್ತೆ, ಗೈಡೂ ಖುಷಿಯಾಗ್ತಾರೆ. ಆದರೆ ನೀವು ಅಳೆದದ್ದು ಬಳಕೆ ಮತ್ತು ನೆಮ್ಮದಿಯನ್ನಲ್ಲ. ತನ್ನ ಬಗ್ಗೆ ಇರುವ ಬೇಜಾರನ್ನು ಎರಡು ಸಲ ಅಳೆದಿದ್ದೀರಿ.

ಇನ್ನು ಕಾರಣದ ಪ್ರಶ್ನೆ. ಹಾಗೆ ಬರೆಯಬೇಡಿ. ಬೇಜಾರಾದಾಗ ಜನ ಫೋನ್ ಎತ್ತಿಕೊಳ್ತಾರೆ, ಅಲ್ವಾ? ಬಾಣ ಆ ಕಡೆಯಿಂದಲೂ ಬರಬಹುದು. ಈ ಕ್ಷೇತ್ರದ ಹಳೆಯ ಕೆಲಸಗಳಲ್ಲೇ ಇದು ಇದೆ. 1940ರ ದಶಕದ ಆರಂಭದಲ್ಲಿ ಹರ್ಟಾ ಹರ್ಜೋಗ್ ಅಮೆರಿಕದಲ್ಲಿ ರೇಡಿಯೋ ಧಾರಾವಾಹಿ ಕೇಳುವ ಹೆಂಗಸರನ್ನು ಮಾತಾಡಿಸಿದರು. ಎಷ್ಟು ಹೊತ್ತು ಕೇಳ್ತೀರಿ ಅನ್ನೋದಕ್ಕಿಂತ ಅದರಿಂದ ನಿಮಗೆ ಏನು ಸಿಗುತ್ತೆ ಅನ್ನೋದು ಅವರಿಗೆ ಮುಖ್ಯವಾಗಿತ್ತು. ಮೂರು ಬಗೆಯ ಉತ್ತರ ಬಂತು. ಕೆಲವರಿಗೆ ಅತ್ತು ಹಗುರಾಗೋಕೆ ಅದು ಬೇಕಿತ್ತು. ಕೆಲವರಿಗೆ ತಮಗೆ ಸಿಗದ ಬದುಕನ್ನು ಅಲ್ಲಿ ಬದುಕೋಕೆ. ಇನ್ನು ಕೆಲವರು ಗಂಡ ಮಕ್ಕಳ ಜೊತೆ ಹೇಗಿರಬೇಕು ಅನ್ನೋ ಸಲಹೆಯನ್ನೇ ಅದರಿಂದ ತೆಗೆದುಕೊಳ್ತಿದ್ದರು. ಕಾರ್ಯಕ್ರಮ ಒಂದೇ, ಕೆಲಸ ಮೂರು.

1984ರಲ್ಲಿ ಬ್ರಯಂಟ್ ಮತ್ತು ಜಿಲ್‌ಮನ್ ಮಾಡಿದ ಪ್ರಯೋಗ ನನಗೆ ಇನ್ನೂ ಇಷ್ಟ. ಕೆಲವರಿಗೆ ಮೊದಲು ಮಹಾ ಬೋರಿನ ಕೆಲಸ ಕೊಟ್ಟರು. ಉಳಿದವರಿಗೆ ಒತ್ತಡ ತರುವ ಕೆಲಸ. ಆಮೇಲೆ "ಸ್ವಲ್ಪ ಕಾಯಿರಿ, ಬೇಕಾದರೆ ಟಿವಿ ನೋಡಿ" ಅಂತ ಒಬ್ಬೊಬ್ಬರನ್ನೇ ಬಿಟ್ಟರು. ಯಾರು ಏನು ನೋಡ್ತಾರೆ ಅಂತ ಅವರಿಗೆ ಗೊತ್ತಾಗದ ಹಾಗೆ ದಾಖಲಿಸಿದರು. ಬೋರಾದವರು ರೋಚಕವಾದದ್ದನ್ನೇ ಹಿಡಿದು ಕೂತರು. ಒತ್ತಡದಲ್ಲಿದ್ದವರು ಶಾಂತ ಕಾರ್ಯಕ್ರಮಗಳಿಗೆ ಅವರಿಗಿಂತ ಎಷ್ಟೋ ಜಾಸ್ತಿ ಹೊತ್ತು ಕೊಟ್ಟರು. ಮನಸ್ಸಿನ ಸ್ಥಿತಿ ಮೊದಲು, ಚಾನೆಲ್ ಆಮೇಲೆ. ನಿಮ್ಮ ಪ್ರಶ್ನಾವಳಿಯಲ್ಲಿ ಈ "ಮೊದಲು" ಅನ್ನೋದಕ್ಕೆ ಜಾಗವೇ ಇಲ್ಲ.

ನಾನಾದರೆ ಹೀಗೆ ಮಾಡ್ತಿದ್ದೆ. ಇನ್ನೂರು ಜನರಿಗೆ ಒಂದು ಸಲ ಕೇಳೋ ಬದಲು ಕಡಿಮೆ ಜನರನ್ನು ತಗೊಂಡು ಒಂದು ವಾರ ದಿನಕ್ಕೆ ನಾಲ್ಕೈದು ಸಲ ಕೇಳ್ತಿದ್ದೆ. ಫೋನಿಗೆ ಒಂದು ಲಿಂಕ್ ಹೋಗಲಿ, ಮೂರೇ ಪ್ರಶ್ನೆ ಇರಲಿ. ಈಗ ಮನಸ್ಸು ಹೇಗಿದೆ? ಕಳೆದ ಒಂದು ಗಂಟೆಯಲ್ಲಿ ಏನು ನೋಡಿದಿರಿ? ಯಾಕೆ ತೆಗೆದಿರಿ? ಗಂಟೆಯ ಲೆಕ್ಕವನ್ನು ಫೋನಿನ ದಾಖಲೆಗೇ ಬಿಡಿ. ಹೀಗೆ ಮಾಡಿದರೆ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಬೇಕಾಗಿಲ್ಲ, ಅದೇ ವ್ಯಕ್ತಿಯ ಬೆಳಗನ್ನು ಅದೇ ವ್ಯಕ್ತಿಯ ಸಂಜೆಯ ಜೊತೆ ಹೋಲಿಸಬಹುದು.

ಇದರಲ್ಲಿ ಏನು ಸಿಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. 2020ರಲ್ಲಿ ಇನೆ ಬೆಯೆನ್ಸ್ ಮತ್ತು ತಂಡ ಬರೀ 63 ಹದಿಹರೆಯದವರನ್ನು ಹೀಗೆ ಒಂದು ವಾರ, ದಿನಕ್ಕೆ ಆರು ಸಲ ಕೇಳಿತು. ಸುಮ್ಮನೆ ಸ್ಕ್ರೋಲ್ ಮಾಡಿದ ಮೇಲೆ 46% ಮಕ್ಕಳಿಗೆ ಮೊದಲಿಗಿಂತ ಚೆನ್ನಾಗನಿಸಿತ್ತು. 10% ಮಕ್ಕಳಿಗೆ ಕೆಟ್ಟದನಿಸಿತ್ತು. 44% ಮಕ್ಕಳಲ್ಲಿ ಏನೂ ವ್ಯತ್ಯಾಸ ಇಲ್ಲ. ಸರಾಸರಿ ತೆಗೆದಿದ್ದರೆ ಆ 10% ಮಕ್ಕಳು ಕಣ್ಣಿಗೇ ಬೀಳ್ತಿರಲಿಲ್ಲ. ನನ್ನ ಪ್ರಕಾರ ಸಹಾಯ ಬೇಕಿರೋದು ಅವರಿಗೇ.

ಸುದ್ದಿಮನೆ_ರಾತ್ರಿಪಾಳಿ

ಬೆಂಚಿನವರು "ಏನು ನೋಡಿದಿರಿ" ಅನ್ನೋ ಪ್ರಶ್ನೆ ಸೇರಿಸಿದ್ದು ಒಳ್ಳೇದಾಯ್ತು. ನಾನು ಒಂದು ಸುದ್ದಿ ಸೈಟಿನ ಡೆಸ್ಕಿನಲ್ಲಿದ್ದೇನೆ. ಒಂದೇ ಸುದ್ದಿಗೆ ಎರಡು ಹೆಡ್‌ಲೈನ್ ಹಾಕಿ ಯಾವುದಕ್ಕೆ ಕ್ಲಿಕ್ ಜಾಸ್ತಿ ಅಂತ ನೋಡೋದು ನಮ್ಮ ದಿನದ ಕೆಲಸ. "ಮಳೆಗೆ ರಸ್ತೆ ಬಂದ್: ಬದಲಿ ದಾರಿ ಇಲ್ಲಿದೆ" ಅಂತ ಒಂದು. "ಮಳೆಗೆ ರಸ್ತೆ ಬಂದ್: ನಡುದಾರಿಯಲ್ಲಿ ಸಿಕ್ಕಿಬಿದ್ದವರ ಗೋಳು" ಅಂತ ಇನ್ನೊಂದು. ಯಾವುದು ಗೆಲ್ಲುತ್ತೆ ಅಂತ ಹೇಳಬೇಕಾ? ಉಪಯೋಗಕ್ಕೆ ಬರೋದು ಮೊದಲನೆಯದು. ಸ್ಕ್ರೀನಿನಲ್ಲಿ ಗ್ರಾಫ್ ಏರೋದು ಎರಡನೆಯದಕ್ಕೆ.

ಇದು ನಮ್ಮ ಡೆಸ್ಕಿನ ಅನುಭವ ಮಾತ್ರ ಅಲ್ಲ. ಅಪ್‌ವರ್ದಿ ಅನ್ನೋ ಸೈಟು ಪರೀಕ್ಷೆ ಮಾಡಿದ್ದ ಸುಮಾರು 1,05,000 ಹೆಡ್‌ಲೈನ್ ಆವೃತ್ತಿಗಳನ್ನು ಸಂಶೋಧಕರು ಅಳೆದು 2023ರಲ್ಲಿ ಪ್ರಕಟಿಸಿದರು. ಸರಾಸರಿ ಉದ್ದದ ಹೆಡ್‌ಲೈನಿನಲ್ಲಿ ಒಂದು ನೆಗೆಟಿವ್ ಪದ ಜಾಸ್ತಿಯಾದರೆ ಕ್ಲಿಕ್ ಪ್ರಮಾಣ 2.3% ಏರುತ್ತಿತ್ತು. ಸಂತೋಷದ ಪದ ಹಾಕಿದರೆ ಇಳಿಯುತ್ತಿತ್ತು. ತಮಾಷೆ ಏನಂದ್ರೆ ಆ ಸೈಟಿಗೆ ಹೆಸರು ಬಂದದ್ದೇ ಮನಸ್ಸಿಗೆ ಹಿತವಾದ ಸುದ್ದಿಗೆ.

ಇನ್ನೊಂದು. 1997ರಲ್ಲಿ ಜಾನ್‌ಸ್ಟನ್ ಮತ್ತು ಡೇವಿ ಅನ್ನೋರು ಜನರಿಗೆ 14 ನಿಮಿಷದ ಸುದ್ದಿ ಬುಲೆಟಿನ್ ತೋರಿಸಿದರು. ಒಂದು ಗುಂಪಿಗೆ ಒಳ್ಳೆಯ ಸುದ್ದಿ, ಒಂದಕ್ಕೆ ಮಾಮೂಲಿ, ಒಂದಕ್ಕೆ ಕೆಟ್ಟದ್ದು. ಕೆಟ್ಟದ್ದು ನೋಡಿದವರ ಆತಂಕ, ದುಃಖ ಏರಿತು. ಅದು ಬಿಡಿ, ನಿರೀಕ್ಷೆ ಮಾಡೋದೇ. ಆದರೆ ಅವರು ತಮ್ಮ ಸ್ವಂತ ಚಿಂತೆಗಳನ್ನೂ ಜಾಸ್ತಿ ದೊಡ್ಡದು ಮಾಡಿಕೊಂಡರು. ಸುದ್ದಿಗೂ ಆ ಚಿಂತೆಗೂ ಸಂಬಂಧವೇ ಇರಲಿಲ್ಲ. 14 ನಿಮಿಷ ರೀ! ನಿಮ್ಮ ಪ್ರಶ್ನಾವಳಿಯಲ್ಲಿ ಇವರು "ಒಂದು ಗಂಟೆಗಿಂತ ಕಡಿಮೆ" ಅನ್ನೋ ಖಾನೆಗೆ ಬೀಳ್ತಾರೆ.

ಅನುಮಾನದವನು

ಎಲ್ಲ ಓದಿದೆ. ನಾನು ಸಂಶೋಧಕ ಅಲ್ಲ, ಇಬ್ಬರು ಮಕ್ಕಳ ಅಪ್ಪ. "ಫೋನಿಗೂ ಮಕ್ಕಳ ನೆಮ್ಮದಿಗೂ ಸಂಬಂಧ ಬರೀ 0.4%, ಆಲೂಗಡ್ಡೆ ತಿನ್ನೋದಕ್ಕೂ ನೆಮ್ಮದಿಗೂ ಇರೋವಷ್ಟೇ" ಅಂತ ಎಲ್ಲೋ ಓದಿದ್ದೆ. ಈಗ ನೀವು ಅಳತೆಯೇ ಸರಿ ಇಲ್ಲ ಅಂತೀರಿ. ಹಾಗಾದರೆ ಏನೂ ಆಗಲ್ಲ ಅಂತಾನಾ? ನನ್ನ ಮಗನ ಕೈಯಿಂದ ಫೋನ್ ಕಿತ್ತುಕೊಂಡರೆ ಅವನ ಮುಖ ನೋಡಬೇಕು ನೀವು. ನಮ್ಮ ವಯಸ್ಸಿನವರಿಗೆ ಇದೆಲ್ಲ ತಟ್ಟಲ್ಲ. ಮಕ್ಕಳ ತಲೆ ಕೆಡ್ತಿದೆ. ಸುಮ್ನೆ ಎಲ್ಲ ಬಿಡಿಸಿ ನೋಡಿದರೆ ಗೊತ್ತಾಗಲ್ವಾ?

ಲ್ಯಾಬ್‌ಬೆಂಚು

ಸರ್, ನೀವು ಓದಿದ್ದು ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಜಿಬಿಲ್ಸ್ಕಿ 2019ರಲ್ಲಿ ಪ್ರಕಟಿಸಿದ ಕೆಲಸ. ಅಮೆರಿಕ ಮತ್ತು ಬ್ರಿಟನ್ನಿನ ಮೂರು ದೊಡ್ಡ ಸಮೀಕ್ಷೆಗಳು, 3,55,358 ಹದಿಹರೆಯದವರು. ಒಂದೇ ದತ್ತಾಂಶವನ್ನು ಎಷ್ಟು ರೀತಿ ಲೆಕ್ಕ ಹಾಕಬಹುದೋ ಅಷ್ಟೂ ರೀತಿ ಹಾಕಿ ನೋಡಿದರು. ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4% ಅಂತ ಬಂತು. ಕನ್ನಡಕ ಹಾಕೋದಕ್ಕೂ ನೆಮ್ಮದಿಗೂ ಇದ್ದ ಸಂಬಂಧ ಇದಕ್ಕಿಂತ ಕೆಟ್ಟದಾಗಿತ್ತು.

ಇದನ್ನು "ಏನೂ ಆಗಲ್ಲ" ಅಂತ ಓದಬಾರದು. ಆ ಸಮೀಕ್ಷೆಗಳಲ್ಲೂ ಗಂಟೆ ಕೇಳಿದ್ದು ಬಾಯಿಮಾತಿನಲ್ಲೇ. ಅದೂ ಸರಾಸರಿ. ಒಬ್ಬನಿಗೆ ಗೆಳೆಯರ ಜೊತೆ ಹರಟೆ, ಇನ್ನೊಬ್ಬನಿಗೆ ರಾತ್ರಿ ಎರಡರವರೆಗೆ ಯಾರದ್ದೋ ಬೈಗುಳ. ಎರಡನ್ನೂ "ಮೂರು ಗಂಟೆ" ಅಂತ ಒಂದೇ ಖಾನೆಗೆ ಹಾಕಿದರೆ ದೊಡ್ಡ ಸಂಖ್ಯೆ ಬರೋದಾದರೂ ಹೇಗೆ?

ಬಿಡಿಸಿ ನೋಡಿದ್ದೂ ಇದೆ. ಹಂಟ್ ಆಲ್‌ಕಾಟ್ ಮತ್ತು ಜೊತೆಗಾರರು 2018ರ ಅಮೆರಿಕದ ಚುನಾವಣೆಗೆ ಮುಂಚೆ ದೊಡ್ಡ ಪ್ರಯೋಗ ಮಾಡಿದರು. ಫೇಸ್‌ಬುಕ್ ಬಳಸುವ 2,743 ಜನರನ್ನು ತಗೊಂಡು, ಅವರಲ್ಲಿ ಒಂದು ಗುಂಪಿಗೆ ನಾಲ್ಕು ವಾರ ಖಾತೆ ನಿಲ್ಲಿಸೋಕೆ ದುಡ್ಡು ಕೊಟ್ಟರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ನೆಮ್ಮದಿ ಏರಿತು, ಆದರೆ ಸ್ವಲ್ಪವೇ, 0.09 ಸ್ಟ್ಯಾಂಡರ್ಡ್ ಡೀವಿಯೇಶನ್ (ಜನರಿಂದ ಜನರಿಗೆ ಸಾಮಾನ್ಯವಾಗಿ ಇರುವ ಏರುಪೇರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ). ರಾಜಕೀಯ ಕಚ್ಚಾಟದ ಮನೋಭಾವ ತುಸು ಇಳಿಯಿತು, ಜೊತೆಗೆ ಸುದ್ದಿಯ ತಿಳಿವಳಿಕೆಯೂ ಇಳಿಯಿತು. ಒಳ್ಳೆಯ ಪ್ರಯೋಗ. ಇಂಥದ್ದರಲ್ಲಿ ಒಂದೇ ತೊಡಕು: ತಾನು ಬಿಟ್ಟಿದ್ದೇನೆ ಅಂತ ಬಿಟ್ಟವರಿಗೆ ಗೊತ್ತಿರುತ್ತೆ. ಮಾತ್ರೆಯ ಪರೀಕ್ಷೆಯಲ್ಲಿ ಕೊಡೋ ಹಾಗೆ, ಹೋಲಿಕೆಗೆ ಮದ್ದಿಲ್ಲದ ಸಕ್ಕರೆ ಗುಳಿಗೆ ಕೊಡೋಕಾಗಲ್ಲ.

"ನಮಗೆ ತಟ್ಟಲ್ಲ, ಮಕ್ಕಳಿಗೆ ತಟ್ಟುತ್ತೆ" ಅಂದ್ರಲ್ಲ, ಆ ಮಾತನ್ನೇ ಅಧ್ಯಯನ ಮಾಡಿದವರಿದ್ದಾರೆ. ಬೇಜಾರು ಮಾಡ್ಕೋಬೇಡಿ. ಡಬ್ಲ್ಯೂ. ಫಿಲಿಪ್ಸ್ ಡೇವಿಸನ್ 1983ರಲ್ಲಿ ಇದಕ್ಕೆ "ಮೂರನೇ ವ್ಯಕ್ತಿ ಪರಿಣಾಮ" ಅಂತ ಹೆಸರಿಟ್ಟರು. ಮಾಧ್ಯಮದಿಂದ ನನಗಿಂತ ಬೇರೆಯವರಿಗೇ ಜಾಸ್ತಿ ಪರಿಣಾಮ ಅಂತ ಬಹುತೇಕ ಎಲ್ಲರೂ ಅಂದುಕೊಳ್ತಾರೆ. ನಿಮ್ಮ ಮಗನನ್ನು ಕೇಳಿ ನೋಡಿ. ಅವನು ಬಹುಶಃ ನಿಮ್ಮ ಗ್ರೂಪ್ ಫಾರ್ವರ್ಡ್‌ಗಳ ಬಗ್ಗೆ ಇದೇ ಮಾತು ಹೇಳ್ತಾನೆ.

ಅನುಮಾನದವನು

ಕೇಳಿದೆ. ಹೇಳಿದ. 😄

ಓದುಗುಬ್ಬಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೈಡ್ ಜೊತೆ ಮತ್ತೆ ಮಾತಾಡಿದೆ. ಪ್ಯಾರಿ ಅವರ ಲೇಖನ ತೋರಿಸಿದ ಮೇಲೆ ಮೆತ್ತಗಾದರು. ಒಂದು ವಾರದ ವಿಧಾನಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಮೂರು ಪ್ರಶ್ನೆಯ ಫಾರ್ಮ್ ಮಾಡಿದ್ದೇನೆ, "ಏನು ನೋಡಿದಿರಿ" ಅನ್ನೋದು ಮೊದಲು, ಆಮೇಲೆ ಯಾಕೆ, ಕೊನೆಗೆ ಮನಸ್ಸು ಹೇಗಿದೆ. ಸ್ಕ್ರೀನ್‌ಶಾಟ್ ದಿನಾ ರಾತ್ರಿ ಕಳಿಸಿ ಅಂತ ಹೇಳೋಣ ಅಂತಿದ್ದೇನೆ. ಇನ್ನೇನಾದರೂ ನೋಡಿಕೊಳ್ಳಬೇಕಾ?

ಲ್ಯಾಬ್‌ಬೆಂಚು

ನಾನು ಹೇಳಿದ್ದ ಕ್ರಮ ತಿರುಗಿಸಿಬಿಟ್ಟಿರಲ್ಲ! ಮನಸ್ಸಿನ ಪ್ರಶ್ನೆ ಮೊದಲು ಬರಲಿ. "ಎರಡು ಗಂಟೆ ರೀಲ್ಸ್ ನೋಡಿದೆ" ಅಂತ ಬರೆದ ಕೈ ಮುಂದಿನ ಸಾಲಿನಲ್ಲಿ "ಖುಷಿಯಾಗಿದ್ದೇನೆ" ಅಂತ ಬರೆಯೋಕೆ ಹಿಂಜರಿಯುತ್ತೆ.

ಈಗ ಸ್ಕ್ರೀನ್‌ಶಾಟ್. ಅದರಲ್ಲಿ ಆ್ಯಪ್‌ಗಳ ಹೆಸರು ಪೂರ್ತಿ ಕಾಣುತ್ತೆ. ಆರೋಗ್ಯದ ಆ್ಯಪ್ ಇರಬಹುದು, ಡೇಟಿಂಗ್ ಆ್ಯಪ್ ಇರಬಹುದು, ಸಾಲದ ಆ್ಯಪ್ ಇರಬಹುದು. ನಿಮ್ಮ ಸಹಪಾಠಿಗಳೇ ಭಾಗವಹಿಸ್ತಾರೆ ಅಂದರೆ ಇನ್ನೂ ಸೂಕ್ಷ್ಮ. ಚಿತ್ರ ತರಿಸಿಕೊಳ್ಳಲೇಬೇಡಿ. ಸೋಷಿಯಲ್ ಮೀಡಿಯಾದ ಒಟ್ಟು ನಿಮಿಷವನ್ನು ಅವರೇ ನೋಡಿ ಟೈಪ್ ಮಾಡಲಿ. ಟೈಪ್ ಮಾಡುವಾಗ ತಪ್ಪಾಗಬಹುದು, ಆದರೂ ನೆನಪಿನ ಅಂದಾಜಿಗಿಂತ ಎಷ್ಟೋ ವಾಸಿ. ಇನ್ನೊಂದು ಮಾತು: ದಿನಾ ರಾತ್ರಿ ಆ ಸಂಖ್ಯೆ ನೋಡಿದರೆ ಮರುದಿನ ಬಳಕೆಯನ್ನೇ ಕಡಿಮೆ ಮಾಡಿಕೊಳ್ಳೋರು ಇದ್ದಾರೆ. ಏಳೂ ದಿನದ್ದನ್ನು ಕೊನೆಯಲ್ಲಿ ಒಂದೇ ಸಲ ತಗೊಳ್ಳಿ. ಫೋನಿನಲ್ಲಿ ಹಿಂದಿನ ದಿನಗಳದ್ದೂ ಇರುತ್ತೆ.

ಒಪ್ಪಿಗೆ ಪತ್ರವನ್ನು ಹಗುರವಾಗಿ ತಗೋಬೇಡಿ. 2014ರಲ್ಲಿ ಪ್ರಕಟವಾದ ಫೇಸ್‌ಬುಕ್ ಪ್ರಯೋಗ ಕೇಳಿರಬಹುದು. 2012ರ ಜನವರಿಯಲ್ಲಿ ಒಂದು ವಾರ 6,89,003 ಬಳಕೆದಾರರ ಫೀಡನ್ನು ತಿದ್ದಿದರು. ಕೆಲವರಿಗೆ ಖುಷಿಯ ಪೋಸ್ಟ್ ಕಡಿಮೆ ಮಾಡಿದರು, ಕೆಲವರಿಗೆ ಬೇಸರದ್ದು. ಜನ ಬರೆಯುವ ಪದಗಳಲ್ಲಿ ಆದ ಬದಲಾವಣೆ ಕೂದಲೆಳೆಯಷ್ಟು. ಗಲಾಟೆ ಆದದ್ದು ಅದಕ್ಕಲ್ಲ, ತಾವು ಪ್ರಯೋಗದಲ್ಲಿದ್ದೇವೆ ಅಂತ ಆ ಜನರಿಗೆ ಗೊತ್ತೇ ಇರಲಿಲ್ಲ ಅನ್ನೋದಕ್ಕೆ. ಕೊನೆಗೆ ಪ್ರಕಟಿಸಿದ ಪತ್ರಿಕೆಯೇ ಕಳವಳ ವ್ಯಕ್ತಪಡಿಸಿ ಟಿಪ್ಪಣಿ ಹಾಕಬೇಕಾಯ್ತು. ನಿಮ್ಮದು ಚಿಕ್ಕ ಪ್ರಾಜೆಕ್ಟ್ ಇರಬಹುದು. ಆದರೂ ಏನು ಕೇಳ್ತೀರಿ, ಯಾರು ನೋಡ್ತಾರೆ, ಯಾವಾಗ ಅಳಿಸ್ತೀರಿ ಅಂತ ಸ್ಪಷ್ಟವಾಗಿ ಬರೆದು ಸಹಿ ತಗೊಳ್ಳಿ. ಮಧ್ಯದಲ್ಲಿ ಬಿಡ್ತೀನಿ ಅಂದರೆ ಬಿಡೋಕೆ ಅವಕಾಶ ಇರಲಿ.

ಓದುಗುಬ್ಬಿ (ಪ್ರಶ್ನೆ ಕೇಳಿದವರು)

ಕ್ರಮ ಬದಲಿಸಿದೆ. ಸ್ಕ್ರೀನ್‌ಶಾಟ್ ಕೈಬಿಟ್ಟೆ. ಕೊನೆಯದಾಗಿ ಒಂದೇ ಪ್ರಶ್ನೆ. ಒಬ್ಬಳ ಫೋನನ್ನು ಅವಳ ತಮ್ಮನೂ ಬಳಸ್ತಾನೆ. ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲೂ ಸೋಷಿಯಲ್ ಮೀಡಿಯಾ ತೆಗೀತಾರೆ. ಇವರನ್ನು ಸೇರಿಸಿಕೊಳ್ಳೋದಾ ಬೇಡವಾ?

ಲ್ಯಾಬ್‌ಬೆಂಚು

ಸೇರಿಸಿಕೊಳ್ಳಿ. ನಿಮಿಷದ ಲೆಕ್ಕದಿಂದ ಮಾತ್ರ ಇಬ್ಬರನ್ನೂ ಹೊರಗಿಡಿ, ಮೂರು ಪ್ರಶ್ನೆಯ ಉತ್ತರಗಳನ್ನು ಇಟ್ಕೊಳ್ಳಿ. ಎಷ್ಟು ಜನರನ್ನು ಹೀಗೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ವರದಿಯಲ್ಲಿ ಬರೆಯಿರಿ. ವೈವಾದಲ್ಲಿ ಮೊದಲು ಕೇಳೋದೇ ಅದನ್ನ.